ಮೂರು ಚಮಚ ನೀರು

ಸತ್ತವರ ದವಡೆ ಬೇಗ ಕಟ್ಟಬೇಕು. ತಡವಾದರೆ ಬಾಯಿ ತೆರೆದ ಹಾಗೆಯೇ ಸೆಟೆದು ನಿಲ್ಲುತ್ತದೆ. ಮನೆಯವರು ನೋಡಿ ಕಿರುಚುತ್ತಾರೆ. ಪಟ್ಟಿಯನ್ನು ಗಲ್ಲದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಬೇಕು. ಮೂಗಿಗೆ ಹತ್ತಿ. ಮೂತ್ರದ ನಳಿಗೆಯ ಬಲೂನಿನಿಂದ ಸಿರಿಂಜಿನಲ್ಲಿ ನೀರು ಎಳೆದು ನಳಿಗೆಯನ್ನು ಹೊರಗೆ ತೆಗೆಯಬೇಕು. ಹೊಟ್ಟೆಯನ್ನು ಒಮ್ಮೆ ಮೆಲ್ಲಗೆ ಒತ್ತಿ, ಬಂದದ್ದನ್ನು ಒರೆಸಿ, ಡೈಪರ್ ಹಾಕಬೇಕು. ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕು. ಪುಸ್ತಕದ ಪ್ರಕಾರ ಇದರಲ್ಲಿ ಅರ್ಧ ನರ್ಸುಗಳ ಕೆಲಸ. ‘ನೆರಳು’ ಆಸ್ಪತ್ರೆಯಲ್ಲಿ ಅಷ್ಟೂ ಸುಗಂಧಿಯ ಕೆಲಸ. ಆರು ವರ್ಷದಿಂದ ಅವಳೇ ಮಾಡುತ್ತಿದ್ದಳು.

‘ನೆರಳು’ ಇದ್ದದ್ದು ಕಾರ್ಕಳದ ಹೊರಗೆ, ಬಂಡೆ ಒಡೆದು ಮಟ್ಟ ಮಾಡಿದ ಜಾಗದಲ್ಲಿ. ಹನ್ನೆರಡು ಕೋಣೆ. ಇನ್ನು ಗುಣವಾಗುವುದಿಲ್ಲ ಎಂದು ಮಣಿಪಾಲದಿಂದಲೋ ಮಂಗಳೂರಿನಿಂದಲೋ ಹೇಳಿ ಕಳುಹಿಸಿದವರು ಅಲ್ಲಿಗೆ ಬರುತ್ತಿದ್ದರು. ನೋವಿಗೆ ಮಾರ್ಫಿನ್ ಕೊಡುತ್ತಿದ್ದರು. ಹುಣ್ಣು ಕಟ್ಟುತ್ತಿದ್ದರು. ಸಾಯುವವರೆಗೆ ನೋಡಿಕೊಳ್ಳುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಹೆಸರು ‘ಹತ್ತು ನಿಮಿಷ’. ಯಾರಾದರೂ ಸತ್ತರೆ ಡಾಕ್ಟರು, ನರ್ಸುಗಳು ಎಲ್ಲ ಮೂಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಮೇಣದಬತ್ತಿ. ಚಹಾ. ಕೌನ್ಸೆಲರ್ ಡಿಂಪಲ್ ಎನ್ನುವ ಹುಡುಗಿ ಮೆಲುದನಿಯಲ್ಲಿ ಮಾತು ತೆಗೆಯುತ್ತಿದ್ದಳು. ಸತ್ತವರ ಬಗ್ಗೆ ಹೇಳಬೇಕೆನಿಸಿದ್ದನ್ನು ಹೇಳಬಹುದು. ಅಳಬಹುದು. ‘ಆರೈಕೆ ಮಾಡುವವರಿಗೂ ಆರೈಕೆ ಬೇಕು’ ಎಂದು ಗೋಡೆಯ ಮೇಲೆ ಬರೆದಿತ್ತು. ಆ ಗೋಡೆಯನ್ನು ವಾರಕ್ಕೊಮ್ಮೆ ಒರೆಸುವವಳು ಸುಗಂಧಿ.

ಒಳಗೆ ಅವರು ಅಳುವ ಆ ಹತ್ತು ನಿಮಿಷದಲ್ಲಿ ಹೊರಗೆ ಹೆಣ ತೊಳೆದು ಮುಗಿಯಬೇಕು. ಆದ್ದರಿಂದ ಹೆಣ ತೊಳೆಯುವವರಿಗೆ ಆ ಕೋಣೆಗೆ ಹೋಗಲು ಆಗುತ್ತಿರಲಿಲ್ಲ. ಮೊದಲ ವರ್ಷ, ಹದಿನಾಲ್ಕರ ಒಂದು ಹುಡುಗಿ ಸತ್ತ ದಿನ, ಸುಗಂಧಿ ಎಷ್ಟು ಸಲ ಕಟ್ಟಿದರೂ ಪಟ್ಟಿಯ ಗಂಟು ನಿಲ್ಲಲಿಲ್ಲ. ಆ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಮ್ಯಾನೇಜರ್ ಕೀರ್ತನ್ ಹೊರಗೆ ಬಂದ.

“ಎಂತ?”

“ನಾನು ಸ್ವಲ್ಪ ಕೂತುಕೊಳ್ಳಬಹುದಾ ಸರ್?”

“ಇದು ಪೇಷಂಟ್ ಕೇರಿನವರಿಗೆ. ನೀವು ಹೌಸ್‌ಕೀಪಿಂಗ್ ಅಲ್ವಾ?” ಎಂದ. ಬೈಯಲಿಲ್ಲ. ನಗುತ್ತಲೇ ಹೇಳಿದ. “ನಿಮಗೆ ಅಭ್ಯಾಸ ಉಂಟಲ್ಲ, ಹೋಗಿ. ಹೆಣ ತಣ್ಣಗಾಗ್ತದೆ.”

ಅಂದಿನಿಂದ ಅವಳು ಸತ್ತವರ ಜೊತೆಯೇ ಮಾತಾಡುತ್ತಿದ್ದಳು. ಈಗ ಬಲಗೈ ತೊಳೆಯುತ್ತೇನೆ ಅಮ್ಮ. ಈಗ ನಿಮ್ಮನ್ನು ಗೋಡೆಯ ಕಡೆಗೆ ತಿರುಗಿಸುತ್ತೇನೆ, ಹೆದರಬೇಡಿ. ಸ್ಟ್ರೆಚರ್ ತಳ್ಳುವ ದೂಮಪ್ಪ ಬಾಗಿಲಲ್ಲಿ ನಿಂತು ತಮಾಷೆ ಮಾಡುತ್ತಿದ್ದ.

“ಎಂತ ಹೇಳಿತು ಹೆಣ?”

“ನಿನಗಿಂತ ಮರ್ಯಾದೆಯಲ್ಲಿ ಕೇಳ್ತದೆ ಮಾರಾಯ. ಕಾಲು ಹಿಡಿ.”

ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡನೆಯ ಕೋಣೆಯ ಲಿಡ್ವಿನ್ ಸತ್ತ. ಶಿರ್ವದ ಹುಡುಗ. ಇಪ್ಪತ್ತಾರು ವರ್ಷ. ಮೂಳೆಯ ಕ್ಯಾನ್ಸರ್. ಎಡಗಾಲನ್ನು ಸೊಂಟದವರೆಗೆ ತೆಗೆದಿದ್ದರು. ಸುಗಂಧಿ ಸ್ನಾನಕ್ಕೆ ಬಿಸಿನೀರು ತಂದಾಗೆಲ್ಲ, “ಅಕ್ಕ, ನನ್ನದರಲ್ಲಿ ನಿಮಗೆ ಅರ್ಧ ಕೆಲಸ ಕಡಿಮೆ” ಎನ್ನುತ್ತಿದ್ದ. ಅವನ ತಾಯಿಯನ್ನು ಹೊರಗೆ ಕೂರಿಸಿದರು. ನರ್ಸುಗಳು ಕಣ್ಣೊರೆಸಿಕೊಳ್ಳುತ್ತ ಮೂಲೆಯ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡಿತು. ಸುಗಂಧಿ ಲಿಡ್ವಿನ್‌ನ ದವಡೆ ಕಟ್ಟಿದಳು. ಹೆಬ್ಬೆರಳು ಜೋಡಿಸಿ ಕಟ್ಟಲು ಹೋಗಿ ಕೈ ತಡೆಯಿತು. ಇನ್ನೊಂದು ಕಾಲು ಇರಲಿಲ್ಲ. ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಕೈಗೆ ಗ್ಲೌಸ್ ಇದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ಮೊಣಕೈಯವರೆಗೆ ಸಾಬೂನು ಹಾಕಿ ತೊಳೆದಳು. ಹೊಸ ಗ್ಲೌಸ್ ಹಾಕಿಕೊಂಡು ಐದನೆಯ ಕೋಣೆಗೆ ಬಂದಳು.

ಐದರಲ್ಲಿ ವಸುಮತಿಯಮ್ಮ ಇದ್ದರು. ಕಾಪು ಕಡೆಯವರು. ಎಪ್ಪತ್ತೊಂಬತ್ತು ವರ್ಷ, ಪಿತ್ತಕೋಶದ ಕ್ಯಾನ್ಸರ್. ದೇವಸ್ಥಾನದ ಪೂಜೆಯ ಮನೆತನ. ನಲವತ್ತೊಂದು ದಿನದಿಂದ ಅಲ್ಲಿದ್ದರು. ನಲವತ್ತೊಂದು ದಿನವೂ ಅವರ ಮಲ ತೆಗೆದವಳು ಸುಗಂಧಿ. ಸೊಂಟದ ಹುಣ್ಣಿನಿಂದ ಸೋರುವ ಕೀವಿನ ಬಟ್ಟೆ ಬದಲಿಸಿದವಳು ಸುಗಂಧಿ. ಅದಕ್ಕೆ ಯಾರೂ ಅವಳ ಜಾತಿ ಕೇಳಿರಲಿಲ್ಲ. ಮಲ ತೆಗೆಯುವ ಕೈಯ ಜಾತಿ ಕೇಳುವ ರೂಢಿ ಇಲ್ಲ. ಮುದುಕಿ ಮಾತ್ರ ಒಮ್ಮೆ, “ನೀನು ಯಾರ ಪೈಕಿ ಮಗಾ?” ಎಂದಿದ್ದರು. ಪೆರ್ಡೂರು ಕಡೆ ಎಂದು ಸುಗಂಧಿ ಹೇಳಿದ್ದಳು. “ಪೆರ್ಡೂರಿನಲ್ಲಿ ಎಲ್ಲಿ” ಎಂದು ಕೇಳಲು ಬಾಯಿ ತೆರೆದವರು ಹಾಗೆಯೇ ಸುಮ್ಮನಾದರು. “ಹೋಗಲಿ. ನನಗೆ ಇನ್ನು ಅದರಿಂದ ಎಂತ ಆಗಬೇಕು? ನಿನ್ನ ಕೈ ತಣ್ಣಗೆ ಉಂಟು. ಬೆನ್ನಿಗೆ ಇಡು” ಎಂದಿದ್ದರು.

ಸುಗಂಧಿ ಒಳಗೆ ಬಂದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗ ಅನಂತೇಶ ಕೆಳಗೆ ಹೋಗಿದ್ದ. ಅವನ ಸೋದರಮಾವ ಜನಾರ್ದನರು ಕಾರು ನಿಲ್ಲಿಸಲು ಜಾಗ ಸಿಗದೆ ಗೇಟಿನಲ್ಲಿ ಕೂಗಾಡುತ್ತಿದ್ದರು. ಡಾಕ್ಟರು ಬೆಳಿಗ್ಗೆ ನೋಡಿ, ನಾಳೆಯವರೆಗೆ ತೊಂದರೆ ಇಲ್ಲ ಎಂದಿದ್ದರು.

ಮುದುಕಿಯ ಉಸಿರು ಬದಲಾಗಿತ್ತು. ನಾಲ್ಕು ಸಲ ಜೋರಾಗಿ ಎಳೆಯುವುದು, ಆಮೇಲೆ ನಿಲ್ಲುವುದು. ನಿಂತಾಗ ಸುಗಂಧಿ ಮನಸ್ಸಿನಲ್ಲೇ ಎಣಿಸಿದಳು. ಹದಿನೆಂಟು. ಮತ್ತೆ ಉಸಿರು. ಮತ್ತೆ ನಿಂತಿತು. ಇಪ್ಪತ್ತೆರಡು. ಅವಳಿಗೆ ಗೊತ್ತಾಯಿತು. ಇದಕ್ಕೆ ಡಾಕ್ಟರು ಬೇಡ, ಆರು ವರ್ಷ ಸಾಕು. ಕರೆಗಂಟೆ ಒತ್ತಿದಳು. ಮೂಲೆಯ ಕೋಣೆಯ ಬಾಗಿಲು ತೆರೆಯಲಿಲ್ಲ. ‘ಹತ್ತು ನಿಮಿಷ’ ನಡೆಯುವಾಗ ತೆರೆಯಬಾರದು ಎಂದು ನಿಯಮ. ಓಡಿಹೋಗಿ ಬಾಗಿಲು ಬಡಿದಳು. ಒಳಗಿನಿಂದ ಬರ್ತಾ ಎಂಬ ಹಿರಿಯ ನರ್ಸ್, “ಒಂದೇ ನಿಮಿಷ ಸುಗಂಧಿ!” ಎಂದು ಕೂಗಿದಳು. ಸುಗಂಧಿ ಮತ್ತೆ ಐದನೆಯ ಕೋಣೆಗೆ ಓಡಿದಳು.

“ನೀರ್” ಎಂದರು ವಸುಮತಿಯಮ್ಮ.

ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ತಾಮ್ರದ ಪುಟ್ಟ ಗಿಂಡಿ ಇತ್ತು. ಕಾಶಿಯ ಗಂಗೆ. ಬಾಯಿಗೆ ಅರಗಿನ ಮುದ್ರೆ. ಕೊನೆಯಲ್ಲಿ ಮಗನ ಕೈಯಿಂದ ಬಿಡಬೇಕಾದ ನೀರು ಅದು. ಅದರ ಪಕ್ಕದ ಹೂಜಿ ಖಾಲಿ ಇತ್ತು. ಹಾಸಿಗೆಗೆ ನೇತುಹಾಕಿದ ಹಾಳೆಯಲ್ಲಿ ಡಾಕ್ಟರೇ ಬರೆದಿದ್ದರು, ಬಾಯಾರಿದರೆ ಚಮಚದಲ್ಲಿ ಗುಟುಕು ನೀರು ಕೊಡಬಹುದು ಎಂದು. ಸುಗಂಧಿಗೆ ಓದಲು ಬರುತ್ತಿತ್ತು.

“ನೀರ್.”

ಅವಳು ಗಿಂಡಿಯನ್ನು ನೋಡಿದಳು. ಮುಟ್ಟಲಿಲ್ಲ. ಅದು ಅವರ ದೇವರ ನೀರು. ತಾನು ಮುಟ್ಟಿದರೆ ಅದು ಕೆಡುತ್ತದೆ, ಮಗ ಬಂದು ಅದನ್ನೇ ಬಿಡಬೇಕು, ಅದು ಹಾಗೆಯೇ ಇರಲಿ ಎಂದುಕೊಂಡಳು. ತನ್ನ ನೀರು ಕೊಟ್ಟರೆ ಅವರದ್ದೇನೂ ಹಾಳಾಗುವುದಿಲ್ಲ ಎಂದುಕೊಂಡಳು. ಹೊರಗೆ ಟ್ರಾಲಿಯಲ್ಲಿ ತೂಗುಹಾಕಿದ್ದ ತನ್ನ ಬಾಟಲಿ ತಂದಳು. ಗ್ಲೌಸ್ ತೆಗೆದಳು. ತಲೆಯನ್ನು ಸ್ವಲ್ಪ ಎತ್ತಿ ಹಿಡಿದಳು. ಮೊದಲ ಚಮಚ ಬಾಯಿಯ ಮೂಲೆಯಿಂದ ಹೊರಗೆ ಇಳಿಯಿತು. ಎರಡನೆಯದು ಒಳಗೆ ಹೋಯಿತು. ಗಂಟಲು ಆಡಿತು. ಮೂರನೆಯದಕ್ಕೆ ಮುದುಕಿ ತಾವಾಗಿಯೇ ಬಾಯಿ ತೆರೆದರು.

ಆಮೇಲೆ ಉಸಿರು ನಿಂತಿತು. ಸುಗಂಧಿ ನೂರರವರೆಗೆ ಎಣಿಸಿದಳು.

ಅನಂತೇಶ ಬಂದದ್ದು ಐದು ನಿಮಿಷ ತಡವಾಗಿ. ಮಣಿಪಾಲದಲ್ಲಿ ಕೆಮಿಸ್ಟ್ರಿ ಕಲಿಸುವ ಮೇಷ್ಟ್ರು, ಐವತ್ತರ ಆಸುಪಾಸು. ಬಾಗಿಲಲ್ಲೇ ಕುಸಿದು ಕೂತ. ಗೋಡೆಗೆ ತಲೆ ಬಡಿದುಕೊಂಡ. “ಒಂದು ತೊಟ್ಟು ನೀರು ಬಿಡಲಿಕ್ಕೆ ಆಗಲಿಲ್ಲ ನನಗೆ. ಬಾಯಾರಿಕೊಂಡೇ ಹೋದಳು ಅಮ್ಮ. ನೀರೂ ಇಲ್ಲದೆ ಹೋದಳು.” ಇದನ್ನೇ ಮತ್ತೆ ಮತ್ತೆ ಹೇಳಿದ. ಬರ್ತಾ ಬಂದಳು. ಡಾಕ್ಟರು ಬಂದರು. ಯಾರ ಮಾತೂ ಅವನಿಗೆ ಕೇಳಿಸಲಿಲ್ಲ.

ಸುಗಂಧಿಗೆ ತಡೆಯಲಾಗಲಿಲ್ಲ. ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

“ಇಲ್ಲ ಸರ್. ಬಾಯಾರಿ ಹೋಗಲಿಲ್ಲ. ನೀರು ಕೇಳಿದರು, ನಾನು ಕೊಟ್ಟೆ. ಕುಡಿದೇ ಹೋದರು.”

ಅವನು ತಲೆ ಎತ್ತಿದ. ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಹಣೆಗೆ ಒತ್ತಿಕೊಂಡ. ಮಗುವಿನ ಹಾಗೆ ಅತ್ತ. “ದೇವರು ಮಾರಾಯ್ತಿ ನೀನು. ದೇವರು” ಎಂದ. ಅವನ ಕಣ್ಣೀರು ಅವಳ ಮಣಿಕಟ್ಟಿನವರೆಗೆ ಇಳಿಯಿತು. ಆರು ವರ್ಷದಲ್ಲಿ ಯಾರೂ ಅವಳ ಕೈ ಹಿಡಿದು ಅತ್ತಿರಲಿಲ್ಲ. ಅವಳಿಗೂ ಅಳು ಬಂತು. ಅವನಿಗೆ ಹೇಳಬೇಕಾದ್ದು ಇನ್ನೂ ಇತ್ತು.

ಹಿಂದಿನಿಂದ ಜನಾರ್ದನರು ಕೇಳಿದರು.

“ಯಾವ ನೀರು ಕೊಟ್ಟದ್ದು? ಗಿಂಡಿಯ ಮುದ್ರೆ ಒಡೆದಿಲ್ಲವಲ್ಲ.”

“ಅದನ್ನು ನಾನು ಮುಟ್ಟಲಿಲ್ಲ ಸರ್. ನನ್ನ ಬಾಟಲಿಯದ್ದು.”

“ನಿನ್ನ ಬಾಟಲಿ?” ಅವರು ಅವಳನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ನಿನ್ನದು ಎಲ್ಲಿ ಆಯಿತು?”

“ಪೆರ್ಡೂರು ಹತ್ತಿರ.”

“ಪೆರ್ಡೂರಿನಲ್ಲಿ ಎಲ್ಲಿ?”

“ಕಾಲೊನಿ.”

“ಯಾವ ಕಾಲೊನಿ?”

ಅವಳು ಹಾಸಿಗೆಯ ಕಡೆ ತಿರುಗಿದಳು. ಅವರು ದಾರಿ ಬದಲಿಸಿದರು. “ಅಪ್ಪ ಎಂತ ಮಾಡಿಕೊಂಡಿದ್ದದ್ದು?”

“ಬುಟ್ಟಿ ಹೆಣೆಯುತ್ತಿದ್ದರು.”

ಬುಟ್ಟಿ ಹೆಣೆಯುವವರು ಈ ಜಿಲ್ಲೆಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತು. ಕೊರಗರು. ಅನಂತೇಶನ ಅಳು ನಿಂತಿತು. ಅವಳ ಕೈಗಳು ಇನ್ನೂ ಅವನ ಕೈಯಲ್ಲಿದ್ದವು. ಅವನು ಬಿಟ್ಟ. ಮೈಮೇಲೆ ಹಲ್ಲಿ ಬಿದ್ದವರು ಕೊಡಹುವ ಹಾಗೆ ಕೊಡಹಿದ್ದರೆ ಅವಳಿಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿ, ಮೆಲ್ಲಗೆ ಬಿಟ್ಟ. ಎದ್ದು ಹೋಗಿ ಬೇಸಿನ್ನಿನಲ್ಲಿ ಮುಖ ತೊಳೆದ. ಆಮೇಲೆ ಕೈ ತೊಳೆದ. ಕೈಯನ್ನು ಎರಡು ಸಲ ತೊಳೆದ.

ಆ ದಿನ ವಸುಮತಿಯಮ್ಮನ ದೇಹವನ್ನು ಸುಗಂಧಿ ಮುಟ್ಟಕೂಡದೆಂದು ಮನೆಯವರು ಹೇಳಿದರು. ತೊಳೆಯುವುದು, ದವಡೆ ಕಟ್ಟುವುದು ಅವರಲ್ಲಾಗಲಿ ನರ್ಸುಗಳಲ್ಲಾಗಲಿ ಯಾರಿಗೂ ರೂಢಿ ಇರಲಿಲ್ಲ. ಒಂದು ಗಂಟೆ ಕಳೆಯಿತು. ಕಾಪುವಿಗೆ ಹೊರಟ ಹೆಣದ ಬಾಯಿ ತೆರೆದೇ ಇತ್ತು.

ಹತ್ತನೆಯ ದಿನ ಬರ್ತಾ ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದಳು. ಬರ್ತಾ ಕೆಟ್ಟವಳಲ್ಲ. ಸುಗಂಧಿಯ ಮಗಳು ಮೋಕ್ಷಾಗೆ ನರ್ಸಿಂಗ್ ಓದಲು ಅರ್ಜಿ ತುಂಬಿಸಿಕೊಟ್ಟವಳೇ ಅವಳು.

“ನಾಳೆ ಮೀಟಿಂಗ್ ಉಂಟು. ನೀನು ಬರಬೇಕು. ಅವರೂ ಬರ್ತಾರೆ.”

“ಎಂತಕ್ಕೆ?”

“ನಾಡಿದ್ದು ಅವರ ಕ್ರಿಯೆ. ಪುರೋಹಿತರು ಎಂತದೋ ಪ್ರಾಯಶ್ಚಿತ್ತ ಹೇಳಿದ್ದಾರಂತೆ. ಮಾಡಿದರೆ ಊರಿಗೆಲ್ಲ ಗೊತ್ತಾಗ್ತದೆ. ಅದಕ್ಕೆ…” ಬರ್ತಾ ಒದ್ದೆ ಬಟ್ಟೆಯೊಂದನ್ನು ಸುಮ್ಮನೆ ಹಿಂಡಿದಳು. “ಕೊಡಲಿಲ್ಲ ಅಂತ ಹೇಳಿಬಿಡು.”

“ಎಂತ ಕೊಡಲಿಲ್ಲ?”

“ನೀರು ಮಾರಾಯ್ತಿ. ಕೊಡಲೇ ಇಲ್ಲ ಅಂತ. ಮಗನಿಗೆ ಸಮಾಧಾನ ಆಗಲಿ ಅಂತ ಸುಳ್ಳು ಹೇಳಿದೆ ಅಂತ. ಅಷ್ಟೇ. ಯಾರಿಗೂ ನಷ್ಟ ಇಲ್ಲ.”

“ಆಗ ಅವರ ಅಮ್ಮ ನೀರಿಲ್ಲದೆ ಸತ್ತ ಹಾಗೆ ಆಗ್ತದಲ್ಲ.”

“ಅವರಿಗೆ ಹಾಗೆ ಆದರೂ ಅಡ್ಡಿಯಿಲ್ಲವಂತೆ.”

ಸುಗಂಧಿ ಬರ್ತಾಳ ಮುಖ ನೋಡಿದಳು. ಬರ್ತಾ ನೋಡಲಿಲ್ಲ.

“ಜನಾರ್ದನ ಅವರು ಟ್ರಸ್ಟಿನಲ್ಲಿ ಇದ್ದವರು,” ಎಂದಳು. “ಮೋಕ್ಷಾನ ಪೋಸ್ಟಿಂಗ್ ಬರುವ ವರ್ಷ ಇಲ್ಲಿಗೇ ಅಲ್ವಾ? ಕೀರ್ತನ್ ಸರ್ ಅದನ್ನೂ ಕೇಳಿದರು. ನಾನು ಹೇಳುವುದು ನಿನ್ನ ಒಳ್ಳೆಯದಕ್ಕೆ.”

ಸಂಜೆ ಮನೆಯಲ್ಲಿ ಸುಗಂಧಿ ಮಗಳಿಗೆ ಎಲ್ಲ ಹೇಳಿದಳು. ಮೋಕ್ಷಾ ಹಾಸಿಗೆಯಲ್ಲಿ ಕಾಲು ಚಾಚಿಕೊಂಡು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕ ಮುಚ್ಚಿದಳು.

“ನೀರು ಕೊಟ್ಟಿದ್ದೀಯಾ ಅಮ್ಮ?”

“ಕೊಟ್ಟಿದ್ದೇನೆ.”

“ಹಾಗಾದರೆ ಕೊಟ್ಟಿದ್ದೀ. ಅದರಲ್ಲಿ ಮೀಟಿಂಗ್ ಎಂತದ್ದು?”

ಅವಳು ಮತ್ತೆ ಪುಸ್ತಕ ತೆರೆದಳು. ಸುಗಂಧಿಗೆ ನಗು ಬಂತು. ಹತ್ತು ದಿನದಲ್ಲಿ ಮೊದಲ ಸಲ.

ಮೀಟಿಂಗ್ ಆದದ್ದು ಮೂಲೆಯ ಕೋಣೆಯಲ್ಲೇ. ಆರು ವರ್ಷದಲ್ಲಿ ಸುಗಂಧಿ ಆ ಕೋಣೆಯ ಕುರ್ಚಿಗಳನ್ನು ಸಾವಿರ ಸಲ ಒರೆಸಿದ್ದಳು. ಕೂತದ್ದು ಅಂದೇ. ಅವಳಿಗೂ ಒಂದು ಕಪ್ ಚಹಾ ಇಟ್ಟಿದ್ದರು. ಎಲ್ಲರದ್ದು ಪಿಂಗಾಣಿ ಕಪ್ಪಿನಲ್ಲಿ. ಅವಳದ್ದು ಕಾಗದದ ಲೋಟದಲ್ಲಿ.

ಎದುರಿಗೆ ಜನಾರ್ದನರು. ಪಕ್ಕದಲ್ಲಿ ಅನಂತೇಶ, ತಲೆ ಬೋಳಿಸಿಕೊಂಡಿದ್ದ, ನೆಲ ನೋಡುತ್ತಿದ್ದ. ಈ ಕಡೆ ಕೀರ್ತನ್, ಡಿಂಪಲ್, ಬರ್ತಾ.

ಡಿಂಪಲ್ ಮೆಲುದನಿಯಲ್ಲಿ ಶುರುಮಾಡಿದಳು. “ಸುಗಂಧಿ, ಆ ದಿನ ಲಿಡ್ವಿನ್ ತೀರಿಕೊಂಡಿದ್ದ ಅಲ್ವಾ? ನಿಮಗೆ ಅವನು ಹತ್ತಿರದವನು ಅಲ್ವಾ?”

“ಹೌದು.”

“ನಿಮಗೆ ತುಂಬ ದುಃಖ ಆಗಿತ್ತು ಅಲ್ವಾ?”

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಸುಗಂಧಿ ಎಷ್ಟು ಸಾವುಗಳ ಪಕ್ಕದಲ್ಲಿ ಕಾದಿದ್ದಳೋ. “ಆಗಿತ್ತು” ಎಂದಳು.

“ಹಾಗೆ ದುಃಖ ಒತ್ತಿಟ್ಟುಕೊಂಡವರಿಗೆ ಕೆಲವು ಸಲ ಆಗದ್ದು ಆದ ಹಾಗೆ ಅನ್ನಿಸುವುದುಂಟು. ಅದು ತಪ್ಪಲ್ಲ. ಆರೈಕೆ ಮಾಡುವವರಿಗೆ ಬರುವ ಆಯಾಸ ಅದು.”

ಕೀರ್ತನ್ ಒಂದು ಕಾಗದವನ್ನು ಅವಳ ಮುಂದೆ ಸರಿಸಿದ. “ಓದಿ ಹೇಳ್ತೇನೆ” ಎಂದ.

“ನನಗೆ ಓದಲಿಕ್ಕೆ ಬರ್ತದೆ.”

ಓದಿದಳು. ‘ಐದನೆಯ ಕೋಣೆಯ ರೋಗಿಗೆ ನಾನು ಬಾಯಿಯ ಮೂಲಕ ನೀರನ್ನಾಗಲಿ ಬೇರೆ ದ್ರವವನ್ನಾಗಲಿ ಕೊಟ್ಟಿರುವುದಿಲ್ಲ. ಅದೇ ದಿನ ಇನ್ನೊಬ್ಬ ರೋಗಿಯ ಮರಣದಿಂದ ತೀವ್ರ ದುಃಖದ ಒತ್ತಡದಲ್ಲಿದ್ದು, ನೀರು ಕೊಟ್ಟೆನೆಂಬ ಭ್ರಮೆ ನನಗೆ ಉಂಟಾಗಿರುತ್ತದೆ.’

ಎರಡು ಸಲ ಓದಿದಳು. ಆರು ವರ್ಷ ಇವರ ಲೆಕ್ಕದಲ್ಲಿ ಅವಳಿಗೆ ದುಃಖವೇ ಇರಲಿಲ್ಲ. ಅವಳಿಗೆ ಅಭ್ಯಾಸ ಇತ್ತು. ಈಗ ಒಂದೇ ದಿನಕ್ಕೆ ಅವಳಿಗೆ ದುಃಖ ಕೊಟ್ಟಿದ್ದರು, ಅವಳ ಬಾಯಿ ಮುಚ್ಚಲು ಬೇಕಾದಷ್ಟು.

“ನಿಮಗೆ ಹದಿನೈದು ದಿನ ರಜೆ ಕೊಡ್ತೇವೆ,” ಎಂದ ಕೀರ್ತನ್. “ಡಿಂಪಲ್ ವಾರಕ್ಕೊಮ್ಮೆ ನಿಮ್ಮ ಜೊತೆ ಮಾತಾಡ್ತಾರೆ. ಇನ್ನು ಮೇಲೆ ಹೌಸ್‌ಕೀಪಿಂಗಿನವರಿಗೂ ‘ಹತ್ತು ನಿಮಿಷ’ ಉಂಟು. ನೀವೇ ಮೊದಲಿನವರು. ರುಜು ಹಾಕಿ.”

“ನಾನು ನೀರು ಕೊಟ್ಟಿದ್ದೇನೆ ಸರ್.”

“ಹಾಗೆ ನಿಮಗೆ ಅನ್ನಿಸಿದ್ದು.”

“ಅನ್ನಿಸಿದ್ದು ಅಲ್ಲ. ಮೂರು ಚಮಚ. ಒಂದು ಹೊರಗೆ ಹೋಯಿತು, ಎರಡು ಒಳಗೆ ಹೋಯಿತು. ಹಾಳೆಯಲ್ಲಿ ಡಾಕ್ಟರು ಕೊಡಬಹುದು ಅಂತ ಬರೆದಿದ್ದರು.”

“ಅದು ನರ್ಸುಗಳಿಗೆ ಬರೆದದ್ದು.”

“ನರ್ಸುಗಳು ಈ ಕೋಣೆಯಲ್ಲಿ ಇದ್ದರು. ನಾನು ಬಾಗಿಲು ಬಡಿದೆ. ಬರ್ತಾ ಸಿಸ್ಟರ್ ಒಂದೇ ನಿಮಿಷ ಅಂದರು. ಹೌದಾ ಅಲ್ವಾ ಸಿಸ್ಟರ್?”

ಬರ್ತಾ ಕಪ್ಪಿನೊಳಗೆ ನೋಡಿದಳು.

ಜನಾರ್ದನರು ಅಷ್ಟು ಹೊತ್ತು ತಾಳ್ಮೆಯಿಂದ ಕೂತಿದ್ದರು. ಈಗ ಮುಂದೆ ಬಾಗಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನೋಡು ಸುಗಂಧಿ, ನಮಗೆ ಜಾತಿಗೀತಿ ಎಂತದೂ ಇಲ್ಲ. ನಲವತ್ತು ದಿನ ನೀನು ಅಕ್ಕನ ಸೇವೆ ಮಾಡಿದೆ, ನಾವು ಒಂದು ಮಾತು ಹೇಳಿದೆವಾ? ಇಲ್ಲ. ಆದರೆ ಕೊನೆಯ ನೀರು ಬೇರೆ. ಅದು ಜೀವದ ಜೊತೆ ಹೋಗುವುದು. ಅದಕ್ಕೆ ಒಂದು ಕ್ರಮ ಉಂಟು. ನಿಮಗೆ ಗೊತ್ತಾಗುವುದಿಲ್ಲ.”

“ನಮಗೆ ಗೊತ್ತುಂಟು ಸ್ವಾಮಿ,” ಎಂದಳು ಸುಗಂಧಿ.

ಅವಳು ‘ಸರ್’ ಬಿಟ್ಟು ‘ಸ್ವಾಮಿ’ ಎಂದದ್ದನ್ನು ಎಲ್ಲರೂ ಗಮನಿಸಿದರು. ಜನಾರ್ದನರಿಗೆ ಸಮಾಧಾನವಾಯಿತು. ಹಿಂದಕ್ಕೆ ಒರಗಿದರು. ತಪ್ಪು ತಿಳಿದಿದ್ದರು.

“ನನ್ನ ಅಜ್ಜಿಯನ್ನು ದೊಡ್ಡ ಮನೆಗಳಿಗೆ ಕರೆಯುತ್ತಿದ್ದರು. ಯಾರಿಗಾದರೂ ಕಾಯಿಲೆ ಬಂದರೆ, ಬಸುರಿಗೆ ತೊಂದರೆ ಆದರೆ. ಅನ್ನ ಕಲಸಿ, ಅದರಲ್ಲಿ ಅವರ ಉಗುರು ಕತ್ತರಿಸಿ ಹಾಕಿ, ಕೂದಲು ಹಾಕಿ, ತಿನ್ನು ಅಂತ ಕೊಡುತ್ತಿದ್ದರು. ಅಂಗಳದಲ್ಲಿ ಕೂತು ತಿನ್ನಬೇಕು. ಅವರ ಎದುರೇ ತಿನ್ನಬೇಕು. ತಿಂದರೆ ಅವರ ಕಾಯಿಲೆ ನಮಗೆ ಬರ್ತದೆ, ಅವರು ಉಳಿಯುತ್ತಾರೆ. ಅಜಲು ಅಂತ ಅದಕ್ಕೆ ಹೆಸರು. ನಿಮಗೂ ಗೊತ್ತುಂಟು. ಆಮೇಲೆ ಸರಕಾರ ಕಾನೂನು ತಂದು ನಿಲ್ಲಿಸಿತು. ನಿಮ್ಮ ಉಗುರು ನಮ್ಮ ಬಾಯಿಗೆ ಹೋಗಬಹುದು. ನಮ್ಮ ನೀರು ನಿಮ್ಮ ಬಾಯಿಗೆ ಹೋಗಬಾರದು. ಇದು ಕ್ರಮ. ಇದು ಗೊತ್ತುಂಟು ನಮಗೆ.”

“ಹಳೆಯದೆಲ್ಲ ಈಗ ಎಂತಕ್ಕೆ?” ಎಂದ ಕೀರ್ತನ್.

“ಹಳೆಯದು ಅಲ್ಲ ಸರ್. ಮೇಜಿನ ಮೇಲೆ ಉಂಟು.”

ಅವಳು ಕಾಗದವನ್ನು ಬೆರಳಿನಿಂದ ಅವನ ಕಡೆಗೆ ತಳ್ಳಿದಳು. ಚಹಾ ಮುಟ್ಟಿರಲಿಲ್ಲ. ಅದರ ಮೇಲೆ ಕೆನೆ ಕಟ್ಟಿತ್ತು.

“ಅವರು ಕೇಳಿದರು. ನಾನು ಕೊಟ್ಟೆ. ಕೊಡಲಿಲ್ಲ ಅಂತ ಬರೆದರೆ ಅವರು ಕೇಳಿಕೊಂಡೇ ಸತ್ತರು ಅಂತ ಆಗ್ತದೆ. ನಲವತ್ತೊಂದು ದಿನ ನಾನು ಅವರನ್ನು ನೋಡಿದ್ದೇನೆ. ನಾನು ಅವರನ್ನು ಹಾಗೆ ಸಾಯಿಸುವುದಿಲ್ಲ. ಬೇಕಾದರೆ ನೀವು ಸಾಯಿಸಿ.”

ಅನಂತೇಶನ ಬೋಳು ತಲೆ ಒಮ್ಮೆ ಎದ್ದಿತು. ಮತ್ತೆ ಬಗ್ಗಿತು.

ಅವರು ಸಾಯಿಸಿದರು. ಅದಕ್ಕೆ ಬೇಕಾದ ಇನ್ನೊಂದು ಕಾಗದವನ್ನು ಕೀರ್ತನ್ ಮೊದಲೇ ತಯಾರು ಮಾಡಿಟ್ಟಿದ್ದ. ಸದರಿ ಸಿಬ್ಬಂದಿಯ ಮಾನಸಿಕ ಸ್ಥಿತಿ ಸರಿಯಿಲ್ಲವೆಂದೂ ಅವಳ ಹೇಳಿಕೆಯನ್ನು ನಂಬಲಾಗದೆಂದೂ ಅದರಲ್ಲಿತ್ತು. ಕೌನ್ಸೆಲರ್ ಎಂದು ಡಿಂಪಲ್ ರುಜು ಹಾಕಬೇಕಿತ್ತು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. “ನಾನು ಇವರ ಜೊತೆ ಇವತ್ತೇ ಮೊದಲ ಸಲ ಮಾತಾಡುವುದು ಸರ್” ಎಂದಳು. ಕೀರ್ತನ್ ಅವಳನ್ನು ನೋಡಿದ. ಅವಳು ರುಜು ಹಾಕಿದಳು. ರೋಗಿಯ ಕೊನೆಯ ಗಳಿಗೆಯಲ್ಲಿ ತಾನು ಐದನೆಯ ಕೋಣೆಯಲ್ಲೇ ಇದ್ದೆ, ನೀರು ಕೊಟ್ಟದ್ದನ್ನು ನೋಡಿಲ್ಲ ಎಂಬ ಸಾಲಿನ ಕೆಳಗೆ ಬರ್ತಾ ರುಜು ಹಾಕಿದಳು. ಹಾಕಿ ಶಿಲುಬೆಯ ಗುರುತು ಮಾಡಿಕೊಂಡಳು. ಮನೆಯವರು ಒಪ್ಪಿದ್ದಾರೆ ಎನ್ನುವಲ್ಲಿ ಅನಂತೇಶ ಹಾಕಬೇಕಿತ್ತು. ಎಲ್ಲಿ ಎಂದು ಜನಾರ್ದನರು ಬೆರಳಿಟ್ಟು ತೋರಿಸಿದರು. ಅವನು ಓದಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿನಿಂದ ಮಾಡಿಸುವ ಮೇಷ್ಟ್ರು ಅವನು. ಓದದೆ ರುಜು ಹಾಕಿದ.

ನೀರು ಕೊಡಲಿಲ್ಲ ಎಂದು ಆಯಿತು. ಕೆಲಸ ಹೋಯಿತು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಆದರೂ ಕೀರ್ತನ್ ಹೇಳಿದ. “ಗುರುತಿನ ಚೀಟಿ ಇಲ್ಲೇ ಕೊಟ್ಟು ಹೋಗಿ.”

ಸುಗಂಧಿ ಕೊರಳಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಹೊರಗೆ ಬಂದಾಗ ಒಂಬತ್ತನೆಯ ಕೋಣೆಯ ಮುಂದೆ ದೂಮಪ್ಪ ಸ್ಟ್ರೆಚರ್ ಹಿಡಿದು ನಿಂತಿದ್ದ. ಒಳಗೆ ಯಾರೋ ಸತ್ತಿದ್ದರು. ಹೊಸದಾಗಿ ಸೇರಿದ ಆಯಾ ಒಬ್ಬಳು ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು.

“ಅವಳಿಗೆ ದವಡೆ ಕಟ್ಟಲಿಕ್ಕೆ ಬರುವುದಿಲ್ಲ,” ಎಂದ ದೂಮಪ್ಪ. “ಒಮ್ಮೆ ತೋರಿಸಿಕೊಡು ಮಾರಾಯ್ತಿ.”

ಆರು ವರ್ಷದ ಅಭ್ಯಾಸ. ಅವಳ ಕಾಲು ತಾನಾಗಿ ಆ ಕಡೆ ಒಂದು ಹೆಜ್ಜೆ ಇಟ್ಟಿತು. ನಿಂತಳು.

“ಮೂಲೆಯ ಕೋಣೆಯಲ್ಲಿ ಆಸ್ಪತ್ರೆಯವರೇ ಮೂವರು ಕೂತಿದ್ದಾರೆ. ಅವರನ್ನು ಕರೆ” ಎಂದು ಹೇಳಿ ಹೊರಟಳು.

ಬಸ್ ನಿಲ್ದಾಣ ರಸ್ತೆಯ ಆಚೆ. ನೆರಳಿಲ್ಲದ ಜಾಗ. ಕಲ್ಲಿನ ಕೋರೆಯ ಧೂಳು ಹಾರಿ ಬಂದು ಹಲ್ಲಿಗೆ ಹತ್ತುತ್ತಿತ್ತು. ಹಿರಿಯಡ್ಕದ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಗಂಧಿ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಳು. ಅಳು ಬರಬಹುದು ಎಂದು ಕಾದಳು. ಬರಲಿಲ್ಲ.

ಅನಂತೇಶ ಗೇಟು ದಾಟಿ ಓಡುತ್ತ ಬಂದ. ಒಬ್ಬನೇ ಇದ್ದ. ಮಾವ ಕಾರಿನ ಹತ್ತಿರ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿರುವುದನ್ನು ತಿರುಗಿ ನೋಡಿ ಖಚಿತ ಮಾಡಿಕೊಂಡ. ಅವಳಿಂದ ನಾಲ್ಕು ಅಡಿ ದೂರದಲ್ಲಿ ನಿಂತ. ಬೆವರು ಬೋಳು ತಲೆಯಿಂದ ಕಿವಿಯ ಮೇಲೆ ಇಳಿಯುತ್ತಿತ್ತು.

“ನನಗೆ ನಿದ್ರೆ ಇಲ್ಲ,” ಎಂದ.

ಸುಗಂಧಿ ರಸ್ತೆ ನೋಡಿದಳು.

“ಒಳಗೆ ನಾನು ಎಂತ ಮಾಡಲಿಕ್ಕೂ ಆಗ್ತಿರಲಿಲ್ಲ. ನಿನಗೆ ಗೊತ್ತಾಗ್ತದೆ. ಮಾವ, ಮನೆಯವರು, ಊರು…” ಧ್ವನಿ ತಗ್ಗಿಸಿದ. “ಈಗ ಇಲ್ಲಿ ಯಾರೂ ಇಲ್ಲ. ನನಗೆ ಮಾತ್ರ ಹೇಳು. ಅಮ್ಮ ನಿಜವಾಗಿ ಕುಡಿದಳಲ್ವಾ?”

ಅವಳು ಬಗ್ಗಿ ಚೀಲದ ಮೇಲಿನ ಧೂಳು ಕೊಡವಿದಳು.

“ಎಂತಾದರೂ ಹೇಳಿದಳಾ? ಕೊನೆಗೆ?”

ಹೇಳಿದ್ದರು. ಮೂರನೆಯ ಚಮಚ ಇಳಿದ ಮೇಲೆ, ಕಣ್ಣು ಮುಚ್ಚಿಕೊಂಡೇ, ತಲೆ ಎತ್ತಿ ಹಿಡಿದ ಕೈ ಮಗನದ್ದು ಎಂದುಕೊಂಡು, “ಸಾಕು ಅನಂತ. ನೀನು ಹೋಗಿ ಊಟ ಮಾಡು” ಎಂದಿದ್ದರು. ಅಂದು ಅವನು ಅವಳ ಕೈ ಬಿಡದೆ ಇದ್ದಿದ್ದರೆ ಅವಳು ಆಗಲೇ ಹೇಳಿಬಿಡುತ್ತಿದ್ದಳು. ಹನ್ನೊಂದು ದಿನದಿಂದ ಆ ಮಾತನ್ನು ಅವಳು ಇಟ್ಟುಕೊಂಡಿದ್ದಳು. ಅದು ಅವನ ಸೊತ್ತು. ಹೇಳಿದರೆ ಅವನು ಬದುಕಿಕೊಳ್ಳುತ್ತಿದ್ದ. ಇಂಥವರನ್ನು ಅವಳು ತುಂಬ ನೋಡಿದ್ದಳು. ಒಂದು ಮಾತು ಸಿಕ್ಕಿದವರು ಉಳಿಯುತ್ತಾರೆ, ಸಿಗದವರು ಒಳಗಿನಿಂದ ಕೊಳೆಯುತ್ತಾರೆ. ಅದೂ ಅವಳಿಗೆ ಗೊತ್ತಿತ್ತು.

“ಕಾಗದದಲ್ಲಿ ನೋಡಿ ಸರ್,” ಎಂದಳು.

“ಅದು ಕಾಗದ. ನೀನು ಹೇಳು.”

“ನನಗೆ ಭ್ರಮೆ. ನೀವೇ ರುಜು ಹಾಕಿದ್ದೀರಿ. ಭ್ರಮೆ ಇದ್ದವಳ ಹತ್ತಿರ ಎಂತ ಕೇಳುವುದು?”

“ಹಾಗೆ ಮಾಡಬೇಡ.” ಅವನು ಕೈ ಮುಗಿದ. “ಎಂತಾದರೂ ಹೇಳಿದಳಾ ಅಂತ ಮಾತ್ರ. ನನ್ನ ಹೆಸರು? ಒಂದು ಸಲ ಆದರೂ?”

ಬಸ್ಸು ಬಂತು. ಸುಗಂಧಿ ಚೀಲ ಎತ್ತಿಕೊಂಡಳು.

“ನಿಮ್ಮ ಅಮ್ಮ ನೀರಿಲ್ಲದೆ ಸತ್ತರು ಸರ್,” ಎಂದಳು. “ನೀವು ಬರೆದುಕೊಟ್ಟದ್ದೇ ಸರಿ. ನೀರು ನೀರು ಅಂತ ಕೇಳಿದರು. ಕೊಡಲಿಕ್ಕೆ ಯಾರೂ ಇರಲಿಲ್ಲ.”

ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಾಗ ಅವನು ಜೊತೆಯಲ್ಲಿ ಓಡಿದ. ತಗಡಿನ ಮೇಲೆ ಅಂಗೈಯಿಂದ ಬಡಿದ. “ಏಯ್ ಸುಗಂಧಿ, ಒಂದು ಮಾತು ಮಾರಾಯ್ತಿ, ಒಂದೇ ಮಾತು!” ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್, “ಎಂತ ಅಕ್ಕ, ನಿಲ್ಲಿಸಬೇಕಾ?” ಎಂದ.

“ಬೇಡ,” ಎಂದು ಸುಗಂಧಿ ಗಾಜು ಎಳೆದು ಮುಚ್ಚಿದಳು.